ಎಚ್‌ಐವಿ ಇರುವ ತಾಯಂದಿರಿಗೆ ಬಾಣಂತನದಲ್ಲಿ ಬರುವ ಖಿನ್ನತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಎಚ್‌ಐವಿ ಇರುವ ಬಾಣಂತಿ ಆರು ವಾರಕ್ಕೆ ಮಗುವನ್ನು ಎತ್ತಿಕೊಂಡು ಎಚ್‌ಐವಿ ಸೆಂಟರ್‌ಗೆ ಬಂದರೆ ಎಲ್ಲರ ಕಣ್ಣೂ ಮಗುವಿನ ಹಿಮ್ಮಡಿ ಮೇಲೆ. ಮಗುವಿಗೂ ಎಚ್‌ಐವಿ ಬಂದಿದೆಯಾ ಅಂತ ನೋಡಲು ಅಲ್ಲಿ ಸೂಜಿ ಚುಚ್ಚಬೇಕು, ಕಾರ್ಡಿನ ಮೇಲೆ ರಕ್ತದ ಹನಿ ಇಳಿಸಬೇಕು, ಒಣಗಿಸಿ ಲ್ಯಾಬಿಗೆ ಕಳಿಸಬೇಕು. ಸಿರಪ್ ಸರಿಯಾಗಿ ಹಾಕಿದ್ರಾ, ತೂಕ ಎಷ್ಟಾಯ್ತು, ಎದೆಹಾಲು ಬಿಟ್ಟು ಬೇರೆ ಏನಾದ್ರೂ ಕೊಟ್ರಾ ಅಂತ ಒಂದರ ಹಿಂದೆ ಒಂದು ಪ್ರಶ್ನೆ. ಎಲ್ಲವೂ ಕೇಳಲೇಬೇಕಾದ ಪ್ರಶ್ನೆಗಳೇ. ಆದರೆ "ನೀನು ಹೇಗಿದ್ದೀಯಮ್ಮಾ, ರಾತ್ರಿ ನಿದ್ದೆ ಬರುತ್ತಾ?" ಅನ್ನೋದು ಬಿಟ್ಟುಹೋಗುತ್ತದೆ. ಆ ಬಿಟ್ಟುಹೋದ ಪ್ರಶ್ನೆಗೆ ಸಂಬಂಧಿಸಿದ ಮಾತುಗಳು ಇಲ್ಲಿವೆ. ತಾಯಂದಿರಿಗೆ, ಅವರ ಮನೆಯವರಿಗೆ, ಆಶಾ ಕಾರ್ಯಕರ್ತೆಯರಿಗೆ.

ಈಗಲೇ, ಈ ಹೊತ್ತಿಗೇ ಬದುಕೋದು ಬೇಡ ಅನಿಸುತ್ತಿದ್ದರೆ ಉಳಿದದ್ದನ್ನು ಆಮೇಲೆ ಓದಿ. ಮೊದಲು 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, ಮನಸ್ಸಿನ ಕಷ್ಟಕ್ಕೆ ಇರುವ ಸರ್ಕಾರದ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಹೆರಿಗೆ ಆದಾಗಿನಿಂದ ಸುಮ್ನೆ ಸುಮ್ನೆ ಅಳು ಬರುತ್ತೆ. ಇದು ಕಾಯಿಲೆನಾ?

ಎಷ್ಟು ದಿನದಿಂದ ಅನ್ನೋದು ಮುಖ್ಯ. ಹೆರಿಗೆಯಾದ ಮೂರು ನಾಲ್ಕನೇ ದಿನಕ್ಕೆ ಅಳು, ಸಿಡುಕು, ಸಣ್ಣದಕ್ಕೂ ಎದೆ ತುಂಬಿ ಬರುವುದು ಹೆಚ್ಚಿನ ತಾಯಂದಿರಿಗೆ ಆಗುತ್ತದೆ. ಮೈಯೊಳಗಿನ ಹಾರ್ಮೋನು ಏಕಾಏಕಿ ಇಳಿಯುತ್ತದೆ, ನಿದ್ದೆ ಇರುವುದಿಲ್ಲ, ಹೊಲಿಗೆ ನೋವು ಬೇರೆ. ಎರಡು ವಾರದೊಳಗೆ ತಾನಾಗಿಯೇ ಕಡಿಮೆ ಆಗುತ್ತದೆ. ಎರಡು ವಾರ ದಾಟಿದ ಮೇಲೂ ಹಾಗೇ ಇದ್ದರೆ, ಅಥವಾ ದಿನದಿಂದ ದಿನಕ್ಕೆ ಜಾಸ್ತಿ ಆಗುತ್ತಿದ್ದರೆ, ಅದು ಬಾಣಂತಿ ಖಿನ್ನತೆ ಇರಬಹುದು. ಇನ್ನೊಂದು ಮಾತು: ಇದು ಹೆರಿಗೆಯಾದ ಕೂಡಲೇ ಶುರುವಾಗಬೇಕು ಅಂತೇನಿಲ್ಲ. ಮೂರು ತಿಂಗಳಿಗೆ, ಆರು ತಿಂಗಳಿಗೆ, ತವರಿನಿಂದ ಗಂಡನ ಮನೆಗೆ ವಾಪಸ್ ಹೋದ ಮೇಲೂ ಶುರುವಾಗಬಹುದು. ಎಷ್ಟೋ ಜನರಿಗೆ ಬಸಿರಿನಲ್ಲೇ ಶುರುವಾಗಿರುತ್ತದೆ, ಯಾರೂ ಗಮನಿಸಿರುವುದಿಲ್ಲ ಅಷ್ಟೇ.

ಎಚ್‌ಐವಿ ಇದ್ದ ಮೇಲೆ ಬೇಜಾರು ಇದ್ದೇ ಇರುತ್ತೆ ಅಲ್ವಾ? ಅದಕ್ಕೂ ಟ್ರೀಟ್‌ಮೆಂಟ್ ಬೇಕಾ?

ಈ ಮಾತೇ ದೊಡ್ಡ ಅಡ್ಡಿ. ಮನೆಯವರು ಹೀಗೇ ಅಂದುಕೊಳ್ಳುತ್ತಾರೆ, ತಾಯಿಯೂ ಹೀಗೇ ಅಂದುಕೊಳ್ಳುತ್ತಾಳೆ, ಬೇಸರದ ಸಂಗತಿ ಅಂದರೆ ಕೆಲವು ಡಾಕ್ಟರುಗಳೂ ಹೀಗೇ ಅಂದು ಮುಂದಿನ ಪೇಷೆಂಟನ್ನು ಕರೆಯುತ್ತಾರೆ. ಶುಗರ್ ಇರುವವರು ಕಾಲು ಮುರಿದುಕೊಂಡು ಬಂದರೆ "ನಿಮಗೆ ಶುಗರ್ ಇದೆಯಲ್ಲ, ನೋವು ಇದ್ದೇ ಇರುತ್ತೆ ಬಿಡಿ" ಅಂತ ಪಟ್ಟಿ ಕಟ್ಟದೆ ವಾಪಸ್ ಕಳಿಸುತ್ತಾರಾ?

ರಿಪೋರ್ಟ್ ಪಾಸಿಟಿವ್ ಬಂದ ದಿನ ಅಳುವುದು ದುಃಖ. ಆಮೇಲೆ ನಿಧಾನಕ್ಕೆ ಮಾತ್ರೆ ರೂಢಿಯಾಗುತ್ತದೆ, ಬದುಕು ನಡೆಯುತ್ತದೆ, ಅಕ್ಕಪಕ್ಕದವರ ಜೊತೆ ನಗುವೂ ಬರುತ್ತದೆ. ಖಿನ್ನತೆಯಲ್ಲಿ ಆ ನಗು ಬರುವುದಿಲ್ಲ. ಬೆಳಿಗ್ಗೆಯಿಂದ ರಾತ್ರಿವರೆಗೆ, ವಾರಗಟ್ಟಲೆ, ಇಷ್ಟವಾದದ್ದು ಯಾವುದೂ ಇಷ್ಟ ಆಗುವುದಿಲ್ಲ. ಇದಕ್ಕೆ ಚಿಕಿತ್ಸೆ ಇದೆ, ವಾಸಿಯಾಗುತ್ತದೆ. ಎಚ್‌ಐವಿ ಇದ್ದರೂ ವಾಸಿಯಾಗುತ್ತದೆ. ಎಚ್‌ಐವಿ ಜೀವನಪೂರ್ತಿ ಇರುತ್ತದೆ ಅಂದ ಮಾತ್ರಕ್ಕೆ ಖಿನ್ನತೆಯೂ ಜೀವನಪೂರ್ತಿ ಇರಬೇಕು ಅಂತ ಎಲ್ಲಿದೆ?

ಎಷ್ಟು ಜನಕ್ಕೆ ಬರುತ್ತೆ ಇದು?

ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಭಾರತದ 38 ಅಧ್ಯಯನಗಳನ್ನು ಒಟ್ಟು ಸೇರಿಸಿದ ಒಂದು ಲೆಕ್ಕ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಬಂತು. ಸುಮಾರು 20,000 ತಾಯಂದಿರ ಲೆಕ್ಕ ಅದು. ನೂರಕ್ಕೆ 22 ಮಂದಿಗೆ ಬಾಣಂತಿ ಖಿನ್ನತೆ ಇತ್ತು. ಇದು ಎಲ್ಲಾ ತಾಯಂದಿರದ್ದು. ಒಂದೇ ಕಡೆಯ ತಾಯಂದಿರಲ್ಲಿ ಎಚ್‌ಐವಿ ಇರುವವರನ್ನೂ ಇಲ್ಲದವರನ್ನೂ ಹೋಲಿಸಿ ನೋಡಿದ ಅಧ್ಯಯನಗಳು ಬೇರೆ ಇವೆ. ಅವನ್ನೆಲ್ಲ ಒಟ್ಟಿಗೆ ನೋಡಿದರೆ ಎಚ್‌ಐವಿ ಇರುವವರಲ್ಲೇ ಜಾಸ್ತಿ ಕಾಣುತ್ತದೆ. ಸೆಂಟರ್‌ನ ಬೆಂಚಿನ ಮೇಲೆ ಮಗು ಎತ್ತಿಕೊಂಡು ಕೂತಿರುವವರಲ್ಲಿ ನಿಮ್ಮ ಹಾಗೇ ಒಳಗೊಳಗೇ ಕುಸಿದಿರುವವರು ಇನ್ನೂ ಇದ್ದಾರೆ, ಅದು ಗ್ಯಾರಂಟಿ.

ಎಚ್‌ಐವಿ ಇರೋರಿಗೆ ಯಾಕೆ ಜಾಸ್ತಿ?

ಒಂದೇ ಕಾರಣ ಅಂತ ಇಲ್ಲ.

ತುಂಬಾ ಜನರಿಗೆ ಎಚ್‌ಐವಿ ಇದೆ ಅಂತ ಗೊತ್ತಾಗುವುದೇ ಬಸಿರಿನಲ್ಲಿ, ತಾಯಿ ಕಾರ್ಡ್ ಮಾಡಿಸಲು ಹೋದಾಗಿನ ರಕ್ತ ಪರೀಕ್ಷೆಯಲ್ಲಿ. ಮನೆಯಲ್ಲಿ ಸೀಮಂತದ ಮಾತು ನಡೆಯುತ್ತಿರುತ್ತದೆ, ಇಲ್ಲಿ ಆಪ್ತಸಮಾಲೋಚಕರು ಬಾಗಿಲು ಹಾಕಿಕೊಂಡು ರಿಪೋರ್ಟ್ ಹೇಳುತ್ತಿರುತ್ತಾರೆ. ಎಷ್ಟೋ ಸಲ ಸೋಂಕು ಬಂದಿರುವುದು ಗಂಡನಿಂದ. ಆದರೆ ಮೊದಲು ಟೆಸ್ಟ್ ಆಗುವುದು ಹೆಂಡತಿಗೆ. ಹಾಗಾಗಿ ಮೊದಲು ಬೈಸಿಕೊಳ್ಳುವವಳೂ ಅವಳೇ.

ಆಮೇಲೆ ಕಾಯುವುದು. ಮಗುವಿಗೆ ಆರು ವಾರಕ್ಕೆ ಒಂದು ಟೆಸ್ಟ್, ಆರು ತಿಂಗಳಿಗೆ, ಹನ್ನೆರಡು ತಿಂಗಳಿಗೆ, ಕೊನೆಗೆ ಹದಿನೆಂಟು ತಿಂಗಳಿಗೆ ಪಕ್ಕಾ ಮಾಡುವ ಟೆಸ್ಟ್. ಒಂದೂವರೆ ವರ್ಷ. ಬೇರೆ ತಾಯಂದಿರು ಮಗು ಮಗುಚಿತಾ, ಅಂಬೆಗಾಲಿಟ್ಟಿತಾ ಅಂತ ದಿನ ಎಣಿಸಿದರೆ ಇವಳು ರಿಪೋರ್ಟ್ ಎಣಿಸುತ್ತಾಳೆ. ಮಗುವಿಗೆ ಸಣ್ಣ ನೆಗಡಿ ಬಂದರೂ "ಅದೇ ಇರಬಹುದಾ" ಅಂತ ಎದೆ ಧಸಕ್ಕೆನ್ನುತ್ತದೆ.

ಇದರ ಮೇಲೆ ಗುಟ್ಟು. ಯಾರಿಗೂ ಹೇಳುವ ಹಾಗಿಲ್ಲ, ಹೇಳದೆ ಇರುವುದೂ ಕಷ್ಟ. ದುಡ್ಡಿನ ತಾಪತ್ರಯ, ಗಂಡನ ಹೊಡೆತ ಇವೂ ಸೇರುತ್ತವೆ. ಹೆಣ್ಣು ಮಗು ಹುಟ್ಟಿದರೆ ಇನ್ನೊಂದು ರಾಮಾಯಣ. 2002ರಲ್ಲಿ ಗೋವಾದಲ್ಲಿ ನಡೆದ ಅಧ್ಯಯನವೊಂದು ಬಡತನ, ಗಂಡನ ಹಿಂಸೆ, ಹೆಣ್ಣು ಮಗು ಹುಟ್ಟಿದ್ದು ಇವು ಬಾಣಂತಿ ಖಿನ್ನತೆಯನ್ನು ಹೆಚ್ಚಿಸುತ್ತವೆ ಅಂತ ತೋರಿಸಿತ್ತು. ಅದು ಸಾಮಾನ್ಯ ತಾಯಂದಿರ ಕಥೆ. ಅದರ ಮೇಲೆ ಎಚ್‌ಐವಿಯನ್ನೂ ಹೇರಿಕೊಂಡವಳ ಪಾಡು ನೀವೇ ಯೋಚಿಸಿ.

ನನಗಿರೋದು ಖಿನ್ನತೆನೇ ಅಂತ ಹೇಗೆ ಗೊತ್ತಾಗುತ್ತೆ? ಬಾಣಂತಿಗೆ ಸುಸ್ತು, ನಿದ್ದೆಗೇಡು ಎಲ್ಲಾ ಇರುತ್ತಲ್ಲ?

ಒಳ್ಳೆ ಪ್ರಶ್ನೆ. ಸುಸ್ತು, ನಿದ್ದೆ, ಊಟ ಇವನ್ನಷ್ಟೇ ನೋಡಿದರೆ ಎಲ್ಲಾ ಬಾಣಂತಿಯರಿಗೂ ಖಿನ್ನತೆ ಇದೆ ಅನ್ನಬೇಕಾಗುತ್ತದೆ. ಹಾಗಾಗಿ ಬೇರೆ ಥರ ಕೇಳಿಕೊಳ್ಳಿ. ಮಗು ಮಲಗಿದೆ, ಮನೆ ಸದ್ದಿಲ್ಲ, ಆದರೂ ನಿಮಗೆ ನಿದ್ದೆ ಹತ್ತುವುದಿಲ್ಲವಾ? ಮೊದಲು ಖುಷಿ ಕೊಡುತ್ತಿದ್ದದ್ದು ಈಗ ಏನೂ ಅನಿಸುವುದಿಲ್ಲವಾ? ಏನು ತಪ್ಪಾದರೂ "ನನ್ನಿಂದಲೇ" ಅನಿಸುತ್ತದಾ? ಕಾರಣ ಇಲ್ಲದೆ ಗಾಬರಿ, ಎದೆ ಡವಡವ? "ನಾನಿಲ್ಲದಿದ್ದರೆ ಮಗು ಚೆನ್ನಾಗಿರುತ್ತೆ" ಅನ್ನುವ ಯೋಚನೆ ಬಂದಿದೆಯಾ?

ಡಾಕ್ಟರುಗಳು ಬಳಸುವ ಹತ್ತು ಪ್ರಶ್ನೆಯ ಒಂದು ಪಟ್ಟಿ ಇದೆ, ಎಡಿನ್‌ಬರೋ ಸ್ಕೇಲ್ ಅಂತ. 1987ರಲ್ಲಿ ಬಂದದ್ದು, ಕನ್ನಡದಲ್ಲೂ ಇದೆ. ಕಳೆದ ಏಳು ದಿನ ಹೇಗಿದ್ದಿರಿ ಅಂತ ಕೇಳುತ್ತದೆ, ಒಟ್ಟು 30 ಅಂಕ. ಅಂಕ ಜಾಸ್ತಿ ಬಂದರೆ ಖಿನ್ನತೆ ಇದೆ ಅಂತ ತೀರ್ಪು ಕೊಟ್ಟ ಹಾಗಲ್ಲ, ಡಾಕ್ಟರ್ ಕೂರಿಸಿಕೊಂಡು ಸರಿಯಾಗಿ ಮಾತಾಡಬೇಕು ಅಂತ ಅರ್ಥ. ಹತ್ತನೇ ಪ್ರಶ್ನೆ ತನಗೆ ತಾನೇ ಏನಾದರೂ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅದಕ್ಕೆ "ಹೌದು" ಅಂದರೆ ಉಳಿದ ಅಂಕ ಎಷ್ಟೇ ಇರಲಿ, ಅವತ್ತೇ ನೋಡಬೇಕು.

ಹಾಗೇ ರಕ್ತಹೀನತೆ, ಥೈರಾಯ್ಡ್ ಇವೂ ಹೀಗೇ ಸುಸ್ತು ಮಾಡಿ ಮನಸ್ಸನ್ನು ಕುಗ್ಗಿಸುತ್ತವೆ. ಹಿಮೋಗ್ಲೋಬಿನ್, ಥೈರಾಯ್ಡ್ ಟೆಸ್ಟ್ ಮಾಡಿಸಿ ಅಂತ ನೀವೇ ಬಾಯಿಬಿಟ್ಟು ಕೇಳಿ.

ಮಗು ಮೇಲೆ ಪ್ರೀತಿನೇ ಹುಟ್ಟುತ್ತಿಲ್ಲ. ನಾನು ಕೆಟ್ಟ ತಾಯಿನಾ?

ಅಲ್ಲ. ಖಿನ್ನತೆ ಎಲ್ಲಾ ಭಾವನೆಗಳನ್ನೂ ಮರಗಟ್ಟಿಸುತ್ತದೆ, ಅದರಲ್ಲಿ ಇದೂ ಒಂದು. ಎಚ್‌ಐವಿ ಇರುವ ತಾಯಂದಿರಲ್ಲಿ ಇನ್ನೂ ಒಂದು ಇರುತ್ತದೆ: ಮುಟ್ಟಿದರೆ, ಮುತ್ತು ಕೊಟ್ಟರೆ ಮಗುವಿಗೆ ಹರಡುತ್ತದೆ ಅನ್ನುವ ಭಯ. ಕೆಲವರು ಮನಸ್ಸಿನ ಮೂಲೆಯಲ್ಲಿ "ಹೇಗೂ ಏನಾಗುತ್ತೋ ಏನೋ, ಜಾಸ್ತಿ ಹಚ್ಚಿಕೊಳ್ಳೋದು ಬೇಡ" ಅಂತ ದೂರ ಇರುತ್ತಾರೆ. ಮುತ್ತು, ಅಪ್ಪುಗೆ, ಒಂದೇ ಹಾಸಿಗೆ, ಸ್ನಾನ ಮಾಡಿಸುವುದು ಇದ್ಯಾವುದರಿಂದಲೂ ಎಚ್‌ಐವಿ ಬರುವುದಿಲ್ಲ. ಖಿನ್ನತೆ ಇಳಿದ ಮೇಲೆ ಪ್ರೀತಿ ಬರುತ್ತದೆ. ಅಲ್ಲಿವರೆಗೆ ಪ್ರೀತಿ ಬರಲಿ ಅಂತ ಕಾಯಬೇಡಿ, ಸುಮ್ನೆ ಎತ್ತಿಕೊಂಡು ಕೂತರೆ ಸಾಕು.

ಬಾಣಂತನಕ್ಕೆ ತವರಿಗೆ ಬಂದಿದ್ದೀನಿ. ಇಲ್ಲಿ ಯಾರಿಗೂ ಎಚ್‌ಐವಿ ವಿಷಯ ಗೊತ್ತಿಲ್ಲ. ಪ್ರತಿ ದಿನ ಭಯ. ಏನು ಮಾಡಲಿ?

ನಮ್ಮ ಕಡೆ ಬಾಣಂತನ ಅಂದರೆ ಒಂದು ಕೋಣೆ, ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫ್, ಮಂಚದ ಕೆಳಗೆ ಕೆಂಡದ ಬಿಸಿ, ಮತ್ತೆ ಇಡೀ ದಿನ ಯಾರಾದರೂ ಒಬ್ಬರು ಪಕ್ಕದಲ್ಲಿ. ಅಮ್ಮ, ಅಜ್ಜಿ, ಎಣ್ಣೆ ಹಚ್ಚಿ ನೀರು ಹಾಕಲು ಬರುವ ಹೆಂಗಸು, ಮಗು ನೋಡಲು ಬರುವ ಊರೆಲ್ಲಾ. ಬೇರೆಯವರಿಗೆ ಇದು ಆರೈಕೆ. ಗುಟ್ಟು ಇಟ್ಟುಕೊಂಡವಳಿಗೆ ಇದು ಇಪ್ಪತ್ತನಾಲ್ಕು ಗಂಟೆ ಕಾವಲು. ಎಆರ್‌ಟಿ (ಎಚ್‌ಐವಿಗೆ ದಿನಾ ತಗೊಳ್ಳುವ) ಮಾತ್ರೆಯ ಡಬ್ಬಿ ಗಲಗಲ ಅನ್ನುತ್ತದೆ ಅಂತ ಅದರ ಬಾಯಿಗೆ ಹತ್ತಿ ತುರುಕಿ, ಲೇಬಲ್ ಕಿತ್ತು, ಸೀರೆ ಮಡಿಕೆಯ ನಡುವೆ ಇಟ್ಟುಕೊಳ್ಳುವವರಿದ್ದಾರೆ. ಅಮ್ಮ ಸ್ನಾನಕ್ಕೆ ಹೋದ ಐದು ನಿಮಿಷದಲ್ಲಿ ನೀರಿಲ್ಲದೆ ನುಂಗುವವರಿದ್ದಾರೆ. ಇಷ್ಟು ದಿಗಿಲಿನಲ್ಲಿ ತಿಂಗಳುಗಟ್ಟಲೆ ಬದುಕಿದರೆ ಯಾರ ಮನಸ್ಸು ತಾನೇ ಗಟ್ಟಿ ಇರುತ್ತದೆ?

ಕೆಲವು ಕೆಲಸಕ್ಕೆ ಬರುವ ಮಾತು ಹೇಳುತ್ತೇನೆ. ಸಾಧ್ಯವಾದರೆ ಒಬ್ಬರಿಗಾದರೂ ಹೇಳಿ, ಅದು ಎಲ್ಲಕ್ಕಿಂತ ದೊಡ್ಡ ಔಷಧಿ. ಅಮ್ಮನಿಗೇ ಹೇಳಬೇಕು ಅಂತಿಲ್ಲ. ಅಕ್ಕ, ಅತ್ತಿಗೆ, ಚಿಕ್ಕಮ್ಮ, ಯಾರ ಬಾಯಿ ಗಟ್ಟಿ ಅನಿಸುತ್ತದೋ ಅವರು. ಹೇಳಲು ಧೈರ್ಯ ಸಾಲದಿದ್ದರೆ ಆಪ್ತಸಮಾಲೋಚಕರ ಎದುರಿಗೇ ಅವರನ್ನು ಕರೆದುಕೊಂಡು ಹೋಗಿ ಹೇಳಿಸಬಹುದು.

ಯಾರಿಗೂ ಹೇಳುವ ಹಾಗೇ ಇಲ್ಲ ಅಂದರೆ ನೆನಪಿರಲಿ, ಬಾಣಂತಿ ಮಾತ್ರೆ ತಗೊಳ್ಳುವುದು ಯಾರಿಗೂ ವಿಚಿತ್ರ ಅನಿಸುವುದಿಲ್ಲ. ಹೆರಿಗೆ ಆದ ಮೇಲೂ 180 ದಿನ ಕಬ್ಬಿಣಾಂಶ, ಕ್ಯಾಲ್ಸಿಯಂ ಮಾತ್ರೆ ಕೊಡುತ್ತಾರೆ. ಅದರ ಜೊತೆ ಇದೂ ಒಂದು "ಡಾಕ್ಟರ್ ಕೊಟ್ಟ ಮಾತ್ರೆ" ಅಷ್ಟೇ. ಇಲ್ಲಿ ಒಂದು ಎಚ್ಚರ ಇದೆ. ಈಗ ಹೆಚ್ಚಿನವರಿಗೆ ಕೊಡುವ ದಿನಕ್ಕೊಂದು ಎಚ್‌ಐವಿ ಮಾತ್ರೆಯಲ್ಲಿ ಡೊಲುಟೆಗ್ರಾವಿರ್ ಅನ್ನುವ ಔಷಧಿ ಇರುತ್ತದೆ. ಖಾಲಿ ಹೊಟ್ಟೆಯಲ್ಲಿ ಕಬ್ಬಿಣಾಂಶ ಅಥವಾ ಕ್ಯಾಲ್ಸಿಯಂ ಜೊತೆ ನುಂಗಿದರೆ ಅದು ಮೈಗೆ ಸರಿಯಾಗಿ ಸೇರುವುದಿಲ್ಲ. ಊಟದ ಜೊತೆಯಾದರೆ ಒಟ್ಟಿಗೆ ತಗೊಳ್ಳಬಹುದು. ಇಲ್ಲದಿದ್ದರೆ ಎಚ್‌ಐವಿ ಮಾತ್ರೆಯನ್ನು ಕಬ್ಬಿಣಾಂಶ, ಕ್ಯಾಲ್ಸಿಯಂಗಿಂತ ಎರಡು ಗಂಟೆ ಮೊದಲು, ಅಥವಾ ಅವನ್ನು ತಗೊಂಡು ಆರು ಗಂಟೆ ಆದ ಮೇಲೆ ನುಂಗಿ. ಗ್ಯಾಸ್ಟ್ರಿಕ್‌ಗೆ ಕುಡಿಯುವ ಆಂಟಾಸಿಡ್ ಇದ್ದರೆ ಊಟದ ಜೊತೆಗೂ ಬೇಡ, ಅದಕ್ಕೆ ಈ ಅಂತರ ಇರಲೇಬೇಕು. ಡಬ್ಬಿಯೊಳಗೆ ತೇವ ಹೀರುವ ಪುಟ್ಟ ಪೊಟ್ಟಣ ಇದ್ದರೆ ತೆಗೆಯಬೇಡಿ, ಮಾತ್ರೆ ಕಾಗದದಲ್ಲಿ ಕಟ್ಟಿಡಬೇಡಿ. ತವರಿಗೆ ಹೊರಡುವ ಮುಂಚೆಯೇ ಸೆಂಟರ್‌ನಲ್ಲಿ ಹೇಳಿದರೆ ಆ ಊರಿನ ಹತ್ತಿರದ ಸೆಂಟರ್‌ನಲ್ಲಿ ಮಾತ್ರೆ ಸಿಗುವ ಹಾಗೆ ಮಾಡಿಕೊಡುತ್ತಾರೆ.

ಎದೆಹಾಲು ಕೊಡಬಹುದಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ, ತಲೆ ಕೆಟ್ಟುಹೋಗಿದೆ.

ನಮ್ಮ ದೇಶದ ಎಚ್‌ಐವಿ ಕಾರ್ಯಕ್ರಮದ ಸಲಹೆ ಇದು: ತಾಯಿ ದಿನಾ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲ ಆರು ತಿಂಗಳು ಎದೆಹಾಲು ಮಾತ್ರ ಕೊಡಿ. ಮಗುವಿಗೆ ಹುಟ್ಟಿದಾಗಿನಿಂದ ಎಚ್‌ಐವಿ ತಡೆಯುವ ನೆವಿರಾಪಿನ್ ಸಿರಪ್ ಕೊಡುತ್ತಾರೆ. ಏನೂ ಚಿಕಿತ್ಸೆ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಹರಡುವ ಸಾಧ್ಯತೆ ನೂರಕ್ಕೆ 15ರಿಂದ 45. ಚಿಕಿತ್ಸೆ ಸರಿಯಾಗಿ ನಡೆದರೆ ಐದಕ್ಕಿಂತ ಕಡಿಮೆ. ಬೇಗ ಶುರು ಮಾಡಿ ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ಪತ್ತೆಯಾಗದಷ್ಟು ಇಳಿದಿದ್ದರೆ ಇನ್ನೂ ಕಡಿಮೆ.

"ಮಾತ್ರ" ಅನ್ನುವುದಕ್ಕೆ ಒತ್ತು. ಸಮಸ್ಯೆ ಆಗುವುದು ಇಲ್ಲೇ. ಅಜ್ಜಿ ಬಜೆ ತೇಯ್ದು ನೆಕ್ಕಿಸುತ್ತಾರೆ, ಇನ್ನೊಬ್ಬರು ಜೇನುತುಪ್ಪ ತರುತ್ತಾರೆ, ಬೀದಿಯಲ್ಲಿ ಕತ್ತೆ ಹಾಲು ಮಾರುವವನು ಬಂದರೆ ಮಗುವಿಗೆ ಒಂದು ಒಳಲೆ ಕುಡಿಸದೆ ಕಳಿಸುವುದಿಲ್ಲ. ಆರು ತಿಂಗಳೊಳಗೆ ಇವು ಯಾವುದೂ ಬೇಡ, ಯಾವ ಮಗುವಿಗೂ ಬೇಡ. ಎಚ್‌ಐವಿ ಹೆಸರು ಎತ್ತದೆಯೇ "ಡಾಕ್ಟರ್ ಬೈತಾರೆ" ಅಂತ ಹೇಳಿ ತಪ್ಪಿಸಬಹುದು. ಮನೆಗೆ ಬರುವ ಆಶಾ ಅಕ್ಕನಿಗೆ ಹೇಳಿಟ್ಟರೆ ಅವರೇ ಅಜ್ಜಿಯ ಮುಂದೆ ಜೋರಾಗಿ ಹೇಳುತ್ತಾರೆ, ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಇನ್ನು ಎದೆಹಾಲು ಕೊಡಲು ನಿಮಗೆ ಆಗುತ್ತಲೇ ಇಲ್ಲ, ಪ್ರತಿ ಸಲವೂ ನರಕ ಅನಿಸುತ್ತದೆ ಅಂದರೆ ಅದನ್ನೂ ಸೆಂಟರ್‌ನಲ್ಲಿ ಹೇಳಿ. ಬೇರೆ ದಾರಿ ಅವರ ಜೊತೆ ಕೂತು ಯೋಚಿಸಬೇಕು. ಸ್ವಲ್ಪ ಎದೆಹಾಲು, ಸ್ವಲ್ಪ ಡಬ್ಬಿ ಹಾಲು ಅಂತ ನೀವೇ ಶುರು ಮಾಡಬೇಡಿ.

ಬೇಜಾರಲ್ಲಿ ಎಚ್‌ಐವಿ ಮಾತ್ರೆ ಬಿಟ್ಟುಬಿಟ್ಟಿದ್ದೀನಿ. ಹೋಗಿ ಹೇಳೋಕೆ ಭಯ, ಬೈತಾರೆ.

ಬೈಯಬಹುದು. ಆದರೂ ಹೋಗಿ, ಇವತ್ತೇ ಹೋಗಿ. ಖಿನ್ನತೆ ಇರುವವರು ಮಾತ್ರೆ ಬಿಡುವುದು ತುಂಬಾ ಸಾಮಾನ್ಯ. ಅದು ಸೋಮಾರಿತನ ಅಲ್ಲ, "ಯಾಕೆ ಬದುಕಬೇಕು" ಅನಿಸುವವರಿಗೆ ಬದುಕುವ ಮಾತ್ರೆ ನುಂಗಲು ಮನಸ್ಸು ಬರುವುದಾದರೂ ಹೇಗೆ? ಆದರೆ ಮಾತ್ರೆ ನಿಂತರೆ ವೈರಸ್ ಏರುತ್ತದೆ, ಎದೆಹಾಲು ಕುಡಿಯುವ ಮಗುವಿಗೆ ಅಪಾಯ ಜಾಸ್ತಿಯಾಗುತ್ತದೆ. ವೈರಲ್ ಲೋಡ್ ನೋಡಿ, ಮಗುವಿನ ಸಿರಪ್ ಮುಂದುವರಿಸಬೇಕಾ ಅಂತ ಅವರು ತೀರ್ಮಾನಿಸಬೇಕು. "ಮರೆತುಹೋಯ್ತು" ಅಂತ ಹೇಳಬೇಡಿ. "ಮನಸ್ಸಿಗೆ ಆಗ್ತಿಲ್ಲ" ಅಂತ ಹೇಳಿ. ಮರೆತುಹೋಯ್ತು ಅಂದರೆ ಅಲಾರಂ ಇಟ್ಕೊಳ್ಳಿ ಅಂತಾರೆ. ಮನಸ್ಸಿಗೆ ಆಗ್ತಿಲ್ಲ ಅಂದರೆ ತಾನೇ ಮನಸ್ಸಿನ ಕಡೆ ನೋಡುವುದು?

ಒಂದೇ ದಿನ ತಪ್ಪಿದ್ದರೆ ನೆನಪಾದಾಗ ನುಂಗಿ. ಎರಡು ಒಟ್ಟಿಗೆ ಬೇಡ.

ಈ ಎಚ್‌ಐವಿ ಮಾತ್ರೆಯಿಂದಲೇ ಖಿನ್ನತೆ ಬಂದಿದೆಯಾ?

ಇರಬಹುದು, ಆದರೆ ನೀವೇ ನಿರ್ಧಾರ ಮಾಡಿ ನಿಲ್ಲಿಸಬೇಡಿ. ಕೆಲವು ವರ್ಷದ ಹಿಂದಿನವರೆಗೆ ಹೆಚ್ಚು ಕೊಡುತ್ತಿದ್ದ ಎಫಾವಿರೆಂಜ್ ಇರುವ ಮಾತ್ರೆಯಲ್ಲಿ ತಲೆ ಸುತ್ತು, ವಿಚಿತ್ರ ಕನಸು, ಮನಸ್ಸು ಕುಗ್ಗುವುದು ಜಾಸ್ತಿ ಕಾಣುತ್ತಿತ್ತು. ಈಗಿನ ಡೊಲುಟೆಗ್ರಾವಿರ್ ಅದಕ್ಕಿಂತ ಎಷ್ಟೋ ವಾಸಿ. ಆದರೂ ಕೆಲವರಿಗೆ ನಿದ್ದೆ ಕೆಡಿಸುತ್ತದೆ. ಹಾಗಾದರೆ ರಾತ್ರಿಯ ಬದಲು ಬೆಳಿಗ್ಗೆ ತಗೊಳ್ಳಬಹುದಾ ಅಂತ ಕೇಳಿ. ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತದೆ. ನಿಮ್ಮ ಡಬ್ಬಿಯಲ್ಲಿ ಯಾವ ಔಷಧಿ ಇದೆ ಅಂತ ಗೊತ್ತಿಟ್ಟುಕೊಳ್ಳಿ, ಮುಂದಿನ ಪ್ರಶ್ನೆಗೂ ಅದು ಬೇಕು.

ಖಿನ್ನತೆಗೆ ಮಾತ್ರೆ ತಗೊಂಡರೆ ಎದೆಹಾಲಿನಲ್ಲಿ ಮಗುವಿಗೆ ಹೋಗಲ್ವಾ? ಎಚ್‌ಐವಿ ಮಾತ್ರೆ ಜೊತೆ ಆಗುತ್ತಾ?

ಸರ್ಟ್ರಲಿನ್ ಥರದ ಮಾತ್ರೆಗಳು ಎದೆಹಾಲಿಗೆ ತುಂಬಾ ಕಡಿಮೆ ಇಳಿಯುತ್ತವೆ. ಎದೆಹಾಲು ಕೊಡುವವರಿಗೆ ಡಾಕ್ಟರುಗಳು ಸಾಮಾನ್ಯವಾಗಿ ಮೊದಲು ಯೋಚಿಸುವುದು ಇದನ್ನೇ. ಡೊಲುಟೆಗ್ರಾವಿರ್ ಜೊತೆ ಹೆಚ್ಚೇನೂ ತೊಂದರೆ ಇಲ್ಲ. ಎಫಾವಿರೆಂಜ್ ಇದ್ದರೆ ಸರ್ಟ್ರಲಿನ್‌ನ ಪ್ರಮಾಣ ಮೈಯಲ್ಲಿ ಕಡಿಮೆಯಾಗುತ್ತದೆ, ಡೋಸ್ ಬದಲಾಯಿಸಬೇಕಾಗಬಹುದು. ಫಿಟ್ಸ್‌ಗೆ, ಮನಸ್ಸಿನ ಕೆಲವು ಕಾಯಿಲೆಗೆ ಕೊಡುವ ಕಾರ್ಬಮಜೆಪಿನ್ ಥರದ ಕೆಲವು ಔಷಧಿ ಡೊಲುಟೆಗ್ರಾವಿರ್‌ನ ಬಲ ಕಡಿಮೆ ಮಾಡುತ್ತವೆ. ಆನ್‌ಲೈನ್‌ನಲ್ಲಿ ಮನಸ್ಸಿಗೆ ಒಳ್ಳೆಯದು ಅಂತ ಮಾರುವ ಸೇಂಟ್ ಜಾನ್ಸ್ ವರ್ಟ್ ಅನ್ನುವ ಗಿಡಮೂಲಿಕೆಯೂ ಹಾಗೇ ಮಾಡುತ್ತದೆ, ಅದನ್ನು ಮುಟ್ಟಲೇಬೇಡಿ. ಅದಕ್ಕೇ ಹೇಳುವುದು, ಮನೋವೈದ್ಯರಿಗೆ ಎಚ್‌ಐವಿ ಮಾತ್ರೆಯ ವಿಷಯ ಮುಚ್ಚಿಡಬೇಡಿ.

ಇನ್ನೊಂದು, ಈ ಮಾತ್ರೆಗಳು ತಲೆನೋವಿನ ಮಾತ್ರೆ ಥರ ಅರ್ಧ ಗಂಟೆಯಲ್ಲಿ ಕೆಲಸ ಮಾಡುವುದಿಲ್ಲ. ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸಿ "ಇದೇನು ಪ್ರಯೋಜನ ಇಲ್ಲ" ಅನಿಸುತ್ತದೆ, ತುಂಬಾ ಜನ ಅಲ್ಲೇ ಬಿಡುತ್ತಾರೆ. ಚೆನ್ನಾಗಾದ ಮೇಲೂ ಆರು ತಿಂಗಳಾದರೂ ಮುಂದುವರಿಸಬೇಕು. ಅಭ್ಯಾಸ ಆಗಿಬಿಡುತ್ತಾ ಅಂತ ಕೇಳುತ್ತಾರೆ. ನಿದ್ದೆ ಮಾತ್ರೆಯ ಥರ ಚಟ ಹಿಡಿಸುವ ಮಾತ್ರೆ ಅಲ್ಲ ಇದು. ಆದರೆ ಏಕ್‌ದಂ ನಿಲ್ಲಿಸಬಾರದು, ಡಾಕ್ಟರ್ ಹೇಳಿದ ಹಾಗೆ ಇಳಿಸುತ್ತಾ ಬರಬೇಕು.

ಮಾತ್ರೆ ಇಲ್ಲದೆ ಬರೀ ಮಾತಿನಲ್ಲಿ ವಾಸಿ ಆಗಲ್ವಾ?

ಸೌಮ್ಯವಾಗಿದ್ದರೆ, ಮಧ್ಯಮ ಮಟ್ಟದಲ್ಲಿದ್ದರೂ ಆಗುತ್ತದೆ. ಪಾಕಿಸ್ತಾನದ ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಯಿತು, 2008ರಲ್ಲಿ ಪ್ರಕಟವಾಯಿತು. ನಮ್ಮ ಆಶಾಗಳ ಹಾಗಿನ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು ಖಿನ್ನತೆ ಇದ್ದ ತಾಯಂದಿರ ಮನೆಗೆ ಕಳಿಸಿದರು. ಕೆಟ್ಟ ಯೋಚನೆ ಬಂದಾಗ ಹೇಗೆ ಹಿಡಿಯುವುದು, ಸಣ್ಣ ಸಣ್ಣ ಕೆಲಸ ಹೇಗೆ ಶುರು ಮಾಡುವುದು, ಮನೆಯವರನ್ನು ಹೇಗೆ ಸೇರಿಸಿಕೊಳ್ಳುವುದು ಅಂತ ಮಾತು. ಮಗುವಿಗೆ ಆರು ತಿಂಗಳಾಗುವ ಹೊತ್ತಿಗೆ ಈ ಮಾತು ಸಿಕ್ಕವರಲ್ಲಿ ನೂರಕ್ಕೆ 23 ಮಂದಿಗೆ ಖಿನ್ನತೆ ಉಳಿದಿತ್ತು. ಕಾರ್ಯಕರ್ತೆಯರು ಈ ಮಾತಿಲ್ಲದೆ ಸುಮ್ಮನೆ ಮನೆಗೆ ಬಂದು ಹೋಗಿದ್ದ ತಾಯಂದಿರಲ್ಲಿ ನೂರಕ್ಕೆ 53 ಮಂದಿಗೆ ಉಳಿದಿತ್ತು. ದೊಡ್ಡ ಡಿಗ್ರಿ ಇಲ್ಲದ ಹೆಂಗಸರು ಮಾಡಿದ ಕೆಲಸ ಇದು. ಎಚ್‌ಐವಿ ಇರುವವರಿಗಾದರೆ ಅದೇ ದಾರಿ ನಡೆದು ಬಂದ ಇನ್ನೊಬ್ಬ ತಾಯಿಯ ಜೊತೆ ಮಾತಾಡುವುದು ತುಂಬಾ ನೆರವಾಗುತ್ತದೆ. "ನನ್ನ ಮಗನಿಗೂ ಹದಿನೆಂಟು ತಿಂಗಳಿಗೆ ನೆಗೆಟಿವ್ ಬಂತು, ಈಗ ಸ್ಕೂಲಿಗೆ ಹೋಗ್ತಾನೆ" ಅಂತ ಅವಳು ಹೇಳುವುದಕ್ಕೂ ಡಾಕ್ಟರ್ ಹೇಳುವುದಕ್ಕೂ ವ್ಯತ್ಯಾಸ ಇದೆ. ಜಿಲ್ಲೆಗಳಲ್ಲಿ ಎಚ್‌ಐವಿ ಜೊತೆ ಬದುಕುವವರ ಸಂಘಗಳಿವೆ, ಸೆಂಟರ್‌ನಲ್ಲಿ ಕೇಳಿ.

ತೀವ್ರವಾಗಿದ್ದರೆ ಮಾತು ಮಾತ್ರ ಸಾಲದು. ಮಾತ್ರೆ ಬೇಕು.

ಬಾಣಂತಿ ಸನ್ನಿ ಅಂತಾರಲ್ಲ, ಅದೇನಾ ಇದು?

ಅಲ್ಲ, ಅದು ಬೇರೆ. ಅದು ಅಪರೂಪ, ಸಾವಿರ ಹೆರಿಗೆಗೆ ಒಂದೆರಡು. ಸಾಮಾನ್ಯವಾಗಿ ಮೊದಲ ಎರಡು ವಾರದಲ್ಲೇ ದಿಢೀರ್ ಅಂತ ಶುರು. ನಿದ್ದೆಯೇ ಇಲ್ಲ, ಏನೇನೋ ಮಾತು, ಇಲ್ಲದ ದನಿ ಕೇಳುವುದು, ಮಗು ತನ್ನದಲ್ಲ ಅನ್ನುವುದು, ಯಾರೋ ಸಾಯಿಸಲು ಬರುತ್ತಿದ್ದಾರೆ ಅನ್ನುವುದು. ಗಾಳಿ ಸೋಕಿದೆ ಅಂತ ಅಂತ್ರ ಕಟ್ಟಿಸಿ ದಿನ ಕಳೆಯಬೇಡಿ. ತಾಯಿಯನ್ನೂ ಮಗುವನ್ನೂ ಒಂಟಿಯಾಗಿ ಬಿಡದೆ ಅವತ್ತೇ ಆಸ್ಪತ್ರೆಗೆ. ಜ್ವರ ಇದ್ದರೆ ಅದನ್ನೂ ಹೇಳಿ, ಎಚ್‌ಐವಿ ಇರುವವರಲ್ಲಿ ಮಿದುಳಿನ ಸೋಂಕಿನಿಂದಲೂ ಹೀಗಾಗಬಹುದು, ಡಾಕ್ಟರ್ ಅದನ್ನೂ ನೋಡಬೇಕು.

ಸಾಯಬೇಕು ಅನಿಸುತ್ತೆ. ಕೆಲವೊಮ್ಮೆ ಮಗುವನ್ನೂ ಕರ್ಕೊಂಡು ಹೋಗಬೇಕು ಅನಿಸುತ್ತೆ.

ಇದನ್ನು ಬಾಯಿಬಿಟ್ಟು ಹೇಳಿದ್ದೇ ಒಳ್ಳೆಯದಾಯಿತು. ಈ ಯೋಚನೆ ಕಾಯಿಲೆಯ ತೀವ್ರತೆಯ ಗುರುತು, ನಿಮ್ಮ ಗುಣದ ಗುರುತಲ್ಲ. ಈಗಲೇ ಮಗುವನ್ನು ಮನೆಯಲ್ಲಿ ಯಾರ ಕೈಗಾದರೂ ಕೊಡಿ, ನೀವೂ ಅವರ ಪಕ್ಕದಲ್ಲೇ ಇರಿ. 14416ಕ್ಕೆ ಫೋನ್ ಮಾಡಿ, ಅಥವಾ ಅವರಿಗೇ ಮಾಡಲು ಹೇಳಿ. ಆಸ್ಪತ್ರೆಗೆ ಹೋಗಲು 108. ಫೋನಿನಲ್ಲಿ ಎಚ್‌ಐವಿ ಅಂತ ಹೇಳಲೇಬೇಕು ಅಂತಿಲ್ಲ. "ಹೆರಿಗೆ ಆಗಿದೆ, ಸಾಯೋ ಯೋಚನೆ ಬರ್ತಿದೆ" ಅಷ್ಟು ಸಾಕು. ಪೊಲೀಸ್ ಕೇಸ್ ಆಗುತ್ತೆ ಅನ್ನುವ ಭಯ ಬೇಡ. ಯೋಚನೆ ಬಂದದ್ದು ಅಪರಾಧ ಅಲ್ಲ. ಪ್ರಯತ್ನ ಮಾಡಿದವರನ್ನೂ ತೀವ್ರ ಒತ್ತಡದಲ್ಲಿದ್ದವರು ಅಂತಲೇ ನೋಡಬೇಕು, ಅವರಿಗೆ ಆರೈಕೆ ಕೊಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ.

ಮನೆಯವರು ಇದನ್ನು ಓದುತ್ತಿದ್ದರೆ: ನೇರವಾಗಿ ಕೇಳಿ. "ಸಾಯೋ ಯೋಚನೆ ಬರ್ತಿದೆಯಾ" ಅಂತ ಕೇಳಿದರೆ ಯೋಚನೆ ತಲೆಗೆ ಹಾಕಿದ ಹಾಗಾಗುವುದಿಲ್ಲ. ಕೇಳಿದವರ ಹತ್ತಿರ ಹೇಳಿಕೊಳ್ಳುತ್ತಾರೆ.

ಆಸ್ಪತ್ರೆಗೆ ಸೇರಿಸಿದರೆ ಮಗುವನ್ನು ಕಿತ್ಕೊಳ್ತಾರಾ?

ಇಲ್ಲ. ಅದೇ ಕಾಯ್ದೆಯ ಪ್ರಕಾರ ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡುವ ಹಾಗಿಲ್ಲ. ಮಗುವಿಗೆ ಅಪಾಯ ಇದ್ದಾಗ ಮಾತ್ರ ಸ್ವಲ್ಪ ಕಾಲ ದೂರ ಇಡಬಹುದು, ಆಗಲೂ ತಾಯಿಗೆ ಮಗುವನ್ನು ನೋಡಲು ಬಿಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವ ಘಟಕ 2009ರಿಂದ ಇದೆ.

ಮನೋವೈದ್ಯರಿಗೆ ಹೇಳಿದರೆ ಎಚ್‌ಐವಿ ವಿಷಯ ಊರಿಗೆಲ್ಲಾ ಹರಡಲ್ವಾ? ಗಂಡನಿಗೆ ಹೇಳಿಬಿಡ್ತಾರಾ?

2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ನಿಮ್ಮ ಚಿಕಿತ್ಸೆ ನೋಡುವ ಇನ್ನೊಬ್ಬ ವೈದ್ಯರಿಗೆ ತಿಳಿಸಬೇಕಾದಾಗ, ಕೋರ್ಟ್ ಆದೇಶ ಆದಾಗ, ಇಂಥ ಕೆಲವು ಸಂದರ್ಭ ಬಿಟ್ಟರೆ ನಿಮ್ಮ ಒಪ್ಪಿಗೆ ಇಲ್ಲದೆ ಯಾರಿಗೂ ಹೇಳುವ ಹಾಗಿಲ್ಲ. ಗಂಡನ ವಿಷಯದಲ್ಲಿ ಕಾಯ್ದೆ ಇನ್ನೂ ಬಿಡಿಸಿ ಹೇಳುತ್ತದೆ: ಸಂಗಾತಿಗೆ ತಿಳಿಸಿದರೆ ಹೆಂಗಸಿಗೆ ಹೊಡೆತ, ಮನೆಯಿಂದ ಹೊರಹಾಕುವುದು, ಜೀವಕ್ಕೋ ಮನಸ್ಸಿಗೋ ಪೆಟ್ಟು ಆಗಬಹುದು ಅನ್ನುವ ಭಯ ಇದ್ದರೆ ಡಾಕ್ಟರಾಗಲಿ ಆಪ್ತಸಮಾಲೋಚಕರಾಗಲಿ ತಿಳಿಸಬಾರದು. ಆ ಭಯ ಇದೆ ಅಂತ ಅವರಿಗೆ ನೀವು ಮೊದಲೇ ಹೇಳಿಡಿ. ಕಾಗದದ ಮೇಲೆ ಇಷ್ಟು ಚೆನ್ನಾಗಿದೆ. ನಿಜದಲ್ಲಿ ಬಾಯಿ ಸಡಿಲ ಇರುವ ಸಿಬ್ಬಂದಿ ಎಲ್ಲಾ ಕಡೆ ಇರುತ್ತಾರೆ, ಹೊರಗೆ ಬೆಂಚಿಗೆ ಕೇಳುವ ಹಾಗೆ ಹೆಸರು ಕೂಗಿ "ಎಆರ್‌ಟಿ ಪೇಷೆಂಟ್" ಅನ್ನುವವರೂ ಇದ್ದಾರೆ. ಹಾಗಾದರೆ ಸುಮ್ಮನಿರಬೇಡಿ, ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ ದೂರು ಎಲ್ಲಿ ಕೊಡಬೇಕು ಅಂತ ಕೇಳಿ. ಅದೂ ಉಚಿತ.

ಸರಿ, ಮೊದಲು ಎಲ್ಲಿಗೆ ಹೋಗಲಿ?

ಹೇಗೂ ಮಾತ್ರೆಗೆ ಹೋಗುವ ಎಆರ್‌ಟಿ ಸೆಂಟರ್‌ನ ಆಪ್ತಸಮಾಲೋಚಕರಿಂದ ಶುರು ಮಾಡಿ, ಬೇರೆ ಬಸ್ ಚಾರ್ಜು ಬೇಡ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಮಂಗಳವಾರದ ಕ್ಲಿನಿಕ್ ನಡೆಯುತ್ತದೆ, ನಿಮ್ಮ ತಾಲ್ಲೂಕಿನಲ್ಲಿ ಯಾವ ವಾರ ಅಂತ ಮೊದಲೇ ಕೇಳಿಕೊಂಡು ಹೋಗಿ. ಮಗುವಿನ ಲಸಿಕೆಯ ದಿನವನ್ನೇ ನೆಪ ಮಾಡಿಕೊಂಡು ಹೊರಡಬಹುದು, ಮನೆಯಲ್ಲಿ ಯಾರೂ ಬೇಡ ಅನ್ನುವುದಿಲ್ಲ.

ಗಂಡ, ಅಮ್ಮ, ಅತ್ತೆ ಏನು ಮಾಡಬಹುದು?

ರಾತ್ರಿ ಒಂದು ಹೊತ್ತು ಮಗುವನ್ನು ನೋಡಿಕೊಳ್ಳಿ, ಅವಳು ನಾಲ್ಕೈದು ಗಂಟೆ ಒಂದೇ ಸಮ ಮಲಗಲಿ. ಇದರಷ್ಟು ಉಪಕಾರ ಬೇರೆ ಇಲ್ಲ. "ಧೈರ್ಯ ತಗೋ, ನಿನಗೇನು ಕಮ್ಮಿ" ಅನ್ನಬೇಡಿ. ಯಾರಿಂದ ಬಂತು ಅನ್ನುವ ಜಗಳ ಬಾಣಂತಿ ಕೋಣೆಯಲ್ಲಿ ಬೇಡವೇ ಬೇಡ. ಗಂಡನಿಗೂ ಎಚ್‌ಐವಿ ಇದ್ದು ಅವನೂ ಕುಡಿತಕ್ಕೆ ಬಿದ್ದಿದ್ದರೆ ಅವನಿಗೂ ಖಿನ್ನತೆ ಇರಬಹುದು, ಇಬ್ಬರೂ ಒಟ್ಟಿಗೆ ತೋರಿಸಿಕೊಳ್ಳಿ.

ಮಗುವಿಗೆ ಪಾಸಿಟಿವ್ ಬಂದಿದೆ. ಇನ್ನೇನು ಉಳಿದಿದೆ ನನಗೆ?

ಮೊದಲ ಟೆಸ್ಟ್ ಪಾಸಿಟಿವ್ ಬಂದರೆ ಇನ್ನೊಂದು ಸಲ ರಕ್ತ ತೆಗೆದು ಖಾತ್ರಿ ಮಾಡುತ್ತಾರೆ. ಆದರೆ ಅದಕ್ಕೆ ಕಾಯದೆ ಚಿಕಿತ್ಸೆ ಶುರು ಮಾಡುತ್ತಾರೆ. ಮಗುವಿಗೆ ಬೇಗ ಔಷಧಿ ಶುರುವಾದಷ್ಟೂ ಒಳ್ಳೆಯದು. ಹುಟ್ಟಿನಿಂದ ಎಚ್‌ಐವಿ ಇದ್ದು, ಮಾತ್ರೆ ತಗೊಂಡು, ಓದಿ, ಕೆಲಸಕ್ಕೆ ಸೇರಿ, ಮದುವೆಯಾಗಿ ಎಚ್‌ಐವಿ ಇಲ್ಲದ ಮಕ್ಕಳನ್ನು ಹೆತ್ತವರು ಈಗ ನಮ್ಮ ನಡುವೆ ಇದ್ದಾರೆ. ಅದೆಲ್ಲಾ ಈ ಹೊತ್ತಿಗೆ ನಿಮ್ಮ ಕಿವಿಗೆ ಬೀಳದೆ ಇರಬಹುದು. ತಪ್ಪಿತಸ್ಥ ಭಾವನೆ ಜಾಸ್ತಿ ಆಗುವುದು, ತಾಯಿ ಕುಸಿಯುವುದು ಈ ಸಮಯದಲ್ಲೇ. ಹಾಗಾಗಿ ರಿಪೋರ್ಟ್ ತಗೊಳ್ಳಲು ಒಬ್ಬರೇ ಹೋಗಬೇಡಿ. ರಿಪೋರ್ಟ್ ಕೊಡುವವರಿಗೂ ಒಂದು ಮಾತು: ಆ ತಾಯಿಗೆ ಎರಡು ದಿನ ಬಿಟ್ಟು ಒಂದು ಫೋನ್ ಮಾಡಿ, ಮಗುವಿನ ಡೋಸ್ ಕೇಳಲು ಮಾತ್ರ ಅಲ್ಲ.

ಮುಂದಿನ ಮಗು ಆದಾಗ ಮತ್ತೆ ಬರುತ್ತಾ?

ಒಮ್ಮೆ ಬಂದವರಿಗೆ ಮತ್ತೆ ಬರುವ ಸಾಧ್ಯತೆ ಜಾಸ್ತಿ. ಎಲ್ಲರಿಗೂ ಬಂದೇ ಬರುತ್ತದೆ ಅಂತಿಲ್ಲ. ಬಸಿರಾದ ಕೂಡಲೇ ಡಾಕ್ಟರಿಗೆ "ಹಿಂದಿನ ಸಲ ಹೀಗಾಗಿತ್ತು" ಅಂತ ಹೇಳಿ. ಖಿನ್ನತೆಯ ಮಾತ್ರೆಯಲ್ಲಿರುವಾಗಲೇ ಬಸಿರಾದರೆ ಗಾಬರಿಯಲ್ಲಿ ನಿಲ್ಲಿಸಬೇಡಿ, ಮೊದಲು ಕೇಳಿ. ಎಚ್‌ಐವಿ ಮಾತ್ರೆಯಂತೂ ನಿಲ್ಲಿಸುವ ಪ್ರಶ್ನೆಯೇ ಇಲ್ಲ. ಹಿಂದಿನ ಸಲ ಯಾವ ಔಷಧಿ ನಿಮಗೆ ಹಿಡಿಸಿತ್ತೋ ಅದರ ಚೀಟಿ ತಾಯಿ ಕಾರ್ಡಿನ ಜೊತೆ ಎತ್ತಿಟ್ಟುಕೊಳ್ಳಿ. ಕಾರ್ಡ್ ಮನೆಯಲ್ಲಿ ಎಲ್ಲರ ಕೈಗೆ ಸಿಗುತ್ತೆ ಅಂದರೆ ಫೋನಿನಲ್ಲಿ ಫೋಟೋ ಹೊಡೆದು ಇಟ್ಟುಕೊಂಡರೂ ನಡೆಯುತ್ತದೆ.